ಒಂದು ಕಾಲಮ್ಮು, ಒಂದು ಮಾತು: ಜರ್ಮನ್ ನಟ ಕಾನ್ರಾಡ್ ಫೈಟನ ಬಾಳು

(ಗಿರಣಿ ಕಾರ್ಮಿಕರ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ಜರ್ಮನಿಯ ಹಳೆಯ ಸಿನಿಮಾ ನಟನೊಬ್ಬನ ವಿಷಯ ಮಾತನಾಡುತ್ತೇವೆಂದು ಬಾಗಿಲ ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರು. ಮಜೂರಿ, ಬೋನಸ್ಸು, ಅಂಗಡಿ ಬಾಡಿಗೆ, ಇವುಗಳ ಮಾತು ಬಿಟ್ಟು ಈ ಮೇಷ್ಟ್ರಿಗೆ ಬಣ್ಣ ಹಚ್ಚುವವರ ಗೊಡವೆ ಏಕೆ ಬಂತೆಂದು ಕೇಳಿದರು. ಕೇಳಿದ್ದು ನ್ಯಾಯವೇ. ಅದಕ್ಕೆ ಮೊದಲು ಉತ್ತರ ಕೊಟ್ಟು ಮುಂದೆ ಹೋಗುತ್ತೇವೆ.

ಹೋದ ತಿಂಗಳ ಸಭೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಾತೆಲ್ಲ ಮುಗಿದು ಜಮಖಾನ ಸುತ್ತುವ ಹೊತ್ತಿಗೆ ನೇಯ್ಗೆ ಖಾತೆಯ ತರುಣನೊಬ್ಬ ಎದ್ದು ನಿಂತು ಒಂದು ಪ್ರಶ್ನೆ ಹಾಕಿದ. "ಮೇಷ್ಟ್ರೇ, ನಾವು ಹೊಟ್ಟೆಪಾಡಿನವರು. ಮೇಲಿನವರು ಹೇಳಿದ್ದನ್ನು ಮಾಡುತ್ತೇವೆ. ಹೇಳಿದವನ ಪಾಪ ಮಾಡಿದವನಿಗೆ ಏಕೆ ಅಂಟಬೇಕು?" ಎಂದ. ಆ ಹೊತ್ತು ನಾವು ಸರಿಯಾದ ಉತ್ತರ ಕೊಡಲಿಲ್ಲ. ಏನೋ ನಾಲ್ಕು ದೊಡ್ಡ ಮಾತು ಆಡಿ ಕುಳಿತೆವು. ಮನೆಗೆ ಹೋದ ಮೇಲೆ ಆ ಹುಡುಗನ ಮುಖವೇ ಕಣ್ಣ ಮುಂದೆ ಬಂತು. ಅವನು ವಾದಕ್ಕಾಗಿ ಕೇಳಿರಲಿಲ್ಲ. ಯಾವುದೋ ಸಂಕಟದಲ್ಲಿ ಸಿಕ್ಕಿ ಕೇಳಿದ್ದ. ಅವನಿಗೆ ಕೊಡಬೇಕಾದ ಉತ್ತರವನ್ನು ಹುಡುಕುತ್ತಾ ಹೋದಾಗ ನಮಗೆ ಈ ನಟನ ಕಥೆ ನೆನಪಾಯಿತು. ಆದ್ದರಿಂದ ಇದು ಸಿನಿಮಾದ ಮಾತಲ್ಲ, ಆ ಪ್ರಶ್ನೆಯ ಮಾತೇ ಎಂದು ತಿಳಿಯಿರಿ.

ನಟನ ಹೆಸರು ಕಾನ್ರಾಡ್ ಫೈಟ್. ಇಂಗ್ಲಿಷ್ ಅಕ್ಷರ ನೋಡಿ ಓದುವವರು ವೀಡ್ಟ್ ಎಂದೋ ವೈಡ್ಟ್ ಎಂದೋ ಹೇಳುವುದುಂಟು. ಜರ್ಮನರ ಬಾಯಲ್ಲಿ ಅದು ಫೈಟ್. ಇಂಗ್ಲಿಷಿನಲ್ಲಿ ಜಗಳಕ್ಕೆ ಹೇಳುವ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಮನುಷ್ಯ ಜಗಳಗಂಟನಲ್ಲ. ಎತ್ತರದ, ಸಣಕಲು ಮೈಯ, ದೊಡ್ಡ ಕಣ್ಣಿನ, ಮೃದು ಮಾತಿನ ಮನುಷ್ಯ.

ಆತ ಹುಟ್ಟಿದ್ದು 1893ರ ಜನವರಿ 22ರಂದು ಬರ್ಲಿನ್ ನಗರದಲ್ಲಿ. ತಂದೆ ಮೊದಲು ಸೈನ್ಯದಲ್ಲಿದ್ದು ಆಮೇಲೆ ಸರ್ಕಾರಿ ಚಾಕರಿ ಹಿಡಿದವನು. ಶಿಸ್ತಿನ ಮನೆ, ಕ್ರೈಸ್ತರಲ್ಲಿ ಲೂಥರನ ಪಂಥ. ಅಣ್ಣನೊಬ್ಬನಿದ್ದ. ಅವನು 1900ರಲ್ಲಿ ಜ್ವರ ಬಂದು ತೀರಿಕೊಂಡ. ಒಮ್ಮೆ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಮನೆಯಲ್ಲಿ ಅಷ್ಟು ಹಣವಿಲ್ಲ. ವೈದ್ಯ ಇವರ ಕೈಲಾದಷ್ಟನ್ನೇ ತೆಗೆದುಕೊಂಡು ಪ್ರಾಣ ಉಳಿಸಿದ. ಅದನ್ನು ಕಂಡ ಹುಡುಗ ತಾನೂ ವೈದ್ಯನೇ ಆಗಬೇಕೆಂದು ಆಸೆಪಟ್ಟ. ಆದರೆ ಓದು ಹತ್ತಲಿಲ್ಲ. 1912ರಲ್ಲಿ ಶಾಲೆ ಬಿಟ್ಟಾಗ ಅವನ ತರಗತಿಯಲ್ಲಿದ್ದವರು 13 ಮಂದಿ. ಅವನ ಸ್ಥಾನ 13ನೆಯದು. ನಾವು ಮೇಷ್ಟ್ರಾಗಿ ಕೆಲಸ ಮಾಡಿದವರು. ಕೊನೆಯ ಬೆಂಚಿನ ಹುಡುಗರ ವಿಷಯದಲ್ಲಿ ಬೇಗ ತೀರ್ಪು ಹೇಳಬಾರದೆಂಬುದನ್ನು ಇಂಥವರನ್ನು ನೋಡಿಯೇ ಕಲಿಯಬೇಕು.

ಬರ್ಲಿನ್ನಿನಲ್ಲಿ ಆಗ ಮಾಕ್ಸ್ ರೈನ್‌ಹಾರ್ಟ್ ಎಂಬ ಮಹಾ ನಿರ್ದೇಶಕನ ನಾಟಕಶಾಲೆ ಇತ್ತು. ಹುಡುಗ ಗ್ಯಾಲರಿಯ ಅಗ್ಗದ ಟಿಕೀಟಿನಲ್ಲಿ ಕುಳಿತು ನಾಟಕ ನೋಡಿದ. ಹೇಗೋ ಮಾಡಿ ಒಳಗೆ ಸೇರಿಕೊಂಡ. 1913ರಲ್ಲಿ ದೊರೆತ ಕರಾರು ತಿಂಗಳಿಗೆ 50 ಮಾರ್ಕು. ಗುಂಪಿನಲ್ಲಿ ಈಟಿ ಹಿಡಿದು ನಿಲ್ಲುವ ಕೆಲಸ. ನಮ್ಮ ಕಡೆಯ ನಾಟಕ ಕಂಪೆನಿಗಳಲ್ಲಿ ದ್ವಾರಪಾಲಕನ ಪಾತ್ರದಿಂದ ಮೇಲೆ ಬಂದವರಿದ್ದಾರಲ್ಲ, ಹಾಗೆಯೇ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. 1914ರ ಕೊನೆಗೆ ಅವನನ್ನು ಸೈನ್ಯಕ್ಕೆ ಎಳೆದರು. 1915ರಲ್ಲಿ ಪೂರ್ವದ ರಣರಂಗಕ್ಕೆ, ವಾರ್ಸಾದ ಕಡೆಗೆ ಕಳಿಸಿದರು. ಅಲ್ಲಿ ಕಾಮಾಲೆ, ನ್ಯುಮೋನಿಯ ಎರಡೂ ಹಿಡಿದು ಆಸ್ಪತ್ರೆ ಸೇರಿದ. ಗುಣವಾದ ಮೇಲೆ ಸೈನಿಕರಿಗಾಗಿ ನಾಟಕವಾಡುವ ಮಂಡಳಿಯಲ್ಲಿ ಕೆಲಸ ಮಾಡಿದ. 1917ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಬರ್ಲಿನ್ನಿಗೆ ಹಿಂತಿರುಗಿದ. ಅಲ್ಲಿಂದ ಅವನ ಸಿನಿಮಾ ಜೀವನ ಪ್ರಾರಂಭ.

ಆಗಿನ ಸಿನಿಮಾಕ್ಕೆ ಮಾತಿಲ್ಲ. ಮೂಕಿ ಚಿತ್ರ. ನಟನಿಗೆ ನಾಲಿಗೆಯ ಸಹಾಯವಿಲ್ಲ. ಕಣ್ಣು, ಹುಬ್ಬು, ಬೆರಳು, ನಡಿಗೆ, ಇಷ್ಟೇ ಬಂಡವಾಳ. ಆ ಬಂಡವಾಳವನ್ನು ಫೈಟನಷ್ಟು ಚೆನ್ನಾಗಿ ದುಡಿಸಿದವರು ಕಡಿಮೆ.

1919ರಲ್ಲಿ ಆತ ನಟಿಸಿದ ಒಂದು ಚಿತ್ರದ ಹೆಸರು 'ಇತರರಿಗಿಂತ ಬೇರೆ' ಎಂಬರ್ಥದ್ದು. ರಿಚರ್ಡ್ ಓಸ್ವಾಲ್ಡ್ ಎಂಬಾತ ತೆಗೆದದ್ದು. ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ ಅದರ ಕಥೆಯಲ್ಲಿ ಕೈ ಕೂಡಿಸಿದ್ದ. ಜರ್ಮನಿಯ ದಂಡಸಂಹಿತೆಯಲ್ಲಿ 175ನೆಯ ಕಲಮು ಎಂದೊಂದಿತ್ತು. ಗಂಡಸನ್ನು ಪ್ರೀತಿಸುವ ಗಂಡಸನ್ನು ಸೆರೆಮನೆಗೆ ಹಾಕುವ ಕಲಮು ಅದು. ಈ ಕಲಮನ್ನು ಮುಂದಿಟ್ಟುಕೊಂಡು ದುಷ್ಟರು ಹೆದರಿಸಿ ಹಣ ಕೀಳುವುದು ನಿತ್ಯದ ವ್ಯಾಪಾರವಾಗಿತ್ತು. ಹಾಗೆ ಹೆದರಿಸಲ್ಪಟ್ಟು ಬಾಳು ಹಾಳಾದ ಒಬ್ಬ ಪಿಟೀಲು ವಿದ್ವಾಂಸನ ಪಾತ್ರ ಫೈಟನದು. ಯಾವ ನಟನೂ ಹಿಂದೆಮುಂದೆ ನೋಡುವ ಪಾತ್ರ. ಆತ ನೋಡಲಿಲ್ಲ. ಟಾಕೀಸುಗಳಲ್ಲಿ ಗಲಾಟೆಯಾಯಿತು. 1920ರಲ್ಲಿ ಸರ್ಕಾರ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿತು. ಆ ಕಲಮು ಜರ್ಮನಿಯ ಕಾನೂನಿನಿಂದ ಪೂರ್ತಿಯಾಗಿ ಹೋದದ್ದು 1994ರಲ್ಲಿ. ಚಿತ್ರ ಬಂದ 75 ವರ್ಷಕ್ಕೆ.

ಈಗ ಮುಖ್ಯವಾದ ಚಿತ್ರಕ್ಕೆ ಬರೋಣ. 1920ರ ಫೆಬ್ರವರಿ 26ರಂದು ಬರ್ಲಿನ್ನಿನಲ್ಲಿ ತೆರೆಕಂಡ 'ಡಾಕ್ಟರ್ ಕಾಲಿಗಾರಿಯ ಪೆಟ್ಟಿಗೆ'. ನಿರ್ದೇಶಕ ರಾಬರ್ಟ್ ವೀನ. ಕಥೆ ಬರೆದವರು ಹಾನ್ಸ್ ಯಾನೋವಿಟ್ಸ್ ಮತ್ತು ಕಾರ್ಲ್ ಮಾಯರ್. ಯಾನೋವಿಟ್ಸ್ ಯುದ್ಧದಲ್ಲಿ ಅಧಿಕಾರಿಯಾಗಿದ್ದು ಅಲ್ಲಿನ ಕೊಲೆಯನ್ನು ಕಣ್ಣಾರೆ ಕಂಡು ಯುದ್ಧವೆಂದರೆ ಹೇಸಿಗೆಪಟ್ಟು ಬಂದವನು. ಮನೆ, ಬೀದಿ, ಮರ ಎಲ್ಲವನ್ನೂ ಬಟ್ಟೆಯ ಮೇಲೆ ಸೊಟ್ಟ ಸೊಟ್ಟಗೆ ಬರೆದು ನಿಲ್ಲಿಸಿದರು. ನೆರಳನ್ನೂ ಬಣ್ಣದಿಂದಲೇ ಬರೆದರು. ನೋಡುವವನಿಗೆ ಜ್ವರದ ಕನಸಿನೊಳಗೆ ಹೊಕ್ಕಂತೆ ಆಗುತ್ತದೆ.

ಕಥೆ ಹೀಗಿದೆ. ಒಂದು ಊರಿನ ಜಾತ್ರೆಗೆ ಕಾಲಿಗಾರಿ ಎಂಬ ಮುದುಕ ಬರುತ್ತಾನೆ. ಅವನ ಹತ್ತಿರ ಶವದ ಪೆಟ್ಟಿಗೆಯಂಥ ಒಂದು ಪೆಟ್ಟಿಗೆ. ಅದರೊಳಗೆ ಸೆಸಾರೆ ಎಂಬ ತರುಣ. ಅವನು ಹಗಲೂ ರಾತ್ರಿ ನಿದ್ದೆಯಲ್ಲೇ ಇರುವವನು. ಯಜಮಾನ ಕರೆದಾಗ ಮಾತ್ರ ಕಣ್ಣು ಬಿಡುತ್ತಾನೆ. ಯಜಮಾನ ಹೇಳಿದ್ದನ್ನು ಮಾಡುತ್ತಾನೆ. ಹಗಲು ಜಾತ್ರೆಯಲ್ಲಿ ಜನರಿಗೆ ಭವಿಷ್ಯ ಹೇಳುತ್ತಾನೆ. ರಾತ್ರಿ ಯಜಮಾನನ ಅಪ್ಪಣೆಯಂತೆ ಹೋಗಿ ಜನರನ್ನು ಕೊಲ್ಲುತ್ತಾನೆ. ತಾನು ಏನು ಮಾಡಿದೆನೆಂಬುದು ಅವನಿಗೆ ತಿಳಿಯದು. ಈ ನಿದ್ದೆಯವನ ಪಾತ್ರ ಕಾನ್ರಾಡ್ ಫೈಟನದು. ಯಜಮಾನ ಕಾಲಿಗಾರಿಯ ಪಾತ್ರ ವರ್ನರ್ ಕ್ರೌಸ್ ಎಂಬ ಇನ್ನೊಬ್ಬ ಮಹಾ ನಟನದು. ಈ ಎರಡು ಹೆಸರುಗಳನ್ನೂ ನೆನಪಿಡಿ. ಮುಂದೆ ಬೇಕಾಗುತ್ತವೆ.

ಚಿತ್ರದಲ್ಲಿ ಒಂದು ದೃಶ್ಯವಿದೆ. ಒಬ್ಬ ಹುಡುಗಿಯನ್ನು ಕೊಲ್ಲಲು ಯಜಮಾನ ಸೆಸಾರೆಯನ್ನು ಕಳಿಸುತ್ತಾನೆ. ಕತ್ತಿ ಎತ್ತಿದ ಕೈ ನಿಂತುಬಿಡುತ್ತದೆ. ಕೊಲ್ಲಲಾಗುವುದಿಲ್ಲ. ಒಂದು ಕ್ಷಣ ಅವನೊಳಗಿನ ಮನುಷ್ಯ ಮಿಸುಕಿದಂತೆ ಆಗುತ್ತದೆ. ಆದರೆ ಪೂರ್ತಿ ಎಚ್ಚರವಾಗದು. ಅವಳನ್ನು ಹೊತ್ತುಕೊಂಡು ಓಡಿ, ಜನ ಬೆನ್ನಟ್ಟಲಾಗಿ, ಬಿದ್ದು ಸಾಯುತ್ತಾನೆ.

ಕಥೆ ಬರೆದವರ ಉದ್ದೇಶ ಇದಾಗಿತ್ತು: ಕಾಲಿಗಾರಿ ಎಂದರೆ ಅಧಿಕಾರ, ನಿದ್ದೆಯವನೆಂದರೆ ಆ ಅಧಿಕಾರದ ಮಾತು ಕೇಳಿ ರಣರಂಗಕ್ಕೆ ಹೋಗಿ ಕೊಂದು ಸತ್ತ ಸಾಮಾನ್ಯ ಮನುಷ್ಯ. ಚಿತ್ರ ತೆಗೆದವರು ಇದಕ್ಕೆ ಹಿಂದೆ ಮುಂದೆ ಒಂದು ಕಥೆ ಅಂಟಿಸಿ, ಇದೆಲ್ಲ ಹುಚ್ಚನೊಬ್ಬನ ಕಲ್ಪನೆಯೆಂದು ತೇಲಿಸಿಬಿಟ್ಟರು. ಅಧಿಕಾರದ ಮೇಲೆ ಬಂದ ದೂರು ಹುಚ್ಚನ ಮಾತಾಗಿ ಮುಗಿಯಿತು. ದೂರು ಕೊಟ್ಟವನಿಗೇ ತಲೆ ಸರಿಯಿಲ್ಲವೆಂದು ಬರೆದುಬಿಡುವುದು ಗಿರಣಿಯ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಹೊಸದೇನಲ್ಲ.

ಆ ಕಾಲದ ಜರ್ಮನಿಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಯುದ್ಧದಲ್ಲಿ ಸೋತ ದೇಶ. 1923ರಲ್ಲಿ ಹಣದ ಬೆಲೆ ಬಿದ್ದು ಹೋಯಿತು. ಆ ವರ್ಷದ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು. ಕೂಲಿಯವನು ಮಜೂರಿ ಪಡೆದ ಗಳಿಗೆಯಲ್ಲೇ ರೊಟ್ಟಿಯಂಗಡಿಗೆ ಓಡಬೇಕು. ಸಂಜೆಗೆ ಬೆಲೆ ಬೇರೆ. ಚಿಕ್ಕ ವ್ಯಾಪಾರಿ ಬೆಳಿಗ್ಗೆ ಮಾರಿದ ಹಣದಲ್ಲಿ ಸಂಜೆ ಅದೇ ಸಾಮಾನು ಕೊಳ್ಳಲಾರ. ಜೀವಮಾನದ ಉಳಿತಾಯ ಒಂದು ಟ್ರಾಮ್ ಟಿಕೀಟಿಗೆ ಸಾಲದಾಯಿತು. ಸ್ವಲ್ಪ ಸುಧಾರಿಸುವ ಹೊತ್ತಿಗೆ 1929ರ ಜಗತ್ತಿನ ಮುಗ್ಗಟ್ಟು ಬಂತು. 1932ರ ಆರಂಭಕ್ಕೆ ನಿರುದ್ಯೋಗಿಗಳು 60 ಲಕ್ಷ. ಹಸಿವಿನಲ್ಲಿರುವ ಜನ ಯಾರ ಮೇಲಾದರೂ ಸಿಟ್ಟು ತೀರಿಸಬೇಕು. ನಿಮ್ಮ ಕಷ್ಟಕ್ಕೆಲ್ಲ ಕಾರಣ ಯೆಹೂದಿಗಳೆಂದು ಒಬ್ಬ ತೋರಿಸಿಕೊಟ್ಟ. ಅವನ ಹೆಸರು ಹಿಟ್ಲರ್.

ಈ ವರ್ಷಗಳಲ್ಲಿ ಫೈಟನ ಕೀರ್ತಿ ಏರುತ್ತಲೇ ಹೋಯಿತು. 1921ರಲ್ಲಿ 'ಇಂಡಿಯಾದ ಗೋರಿ' ಎಂಬ ಚಿತ್ರದಲ್ಲಿ ಹಿಂದೂಸ್ಥಾನದ ಮಹಾರಾಜನಾದ. ನಮ್ಮ ದೇಶದ ಗುಡಿ, ಅರಮನೆಗಳನ್ನೆಲ್ಲ ಬರ್ಲಿನ್ನಿನ ಹತ್ತಿರದ ವೊಲ್ಟರ್ಸ್‌ಡಾರ್ಫಿನಲ್ಲೇ ಕಟ್ಟಿ ಚಿತ್ರ ತೆಗೆದರು. 1924ರ 'ಮೇಣದ ಬೊಂಬೆಗಳು' ಚಿತ್ರದಲ್ಲಿ ರಷ್ಯದ ಕ್ರೂರ ರಾಜ ಇವಾನನಾದ. ಅದೇ ವರ್ಷ 'ಓರ್ಲಾಕನ ಕೈಗಳು' ಚಿತ್ರದಲ್ಲಿ, ಅಪಘಾತದಲ್ಲಿ ಕೈ ಕಳೆದುಕೊಂಡು ಕೊಲೆಗಾರನ ಕೈಗಳನ್ನು ಜೋಡಿಸಿಕೊಂಡ ಪಿಯಾನೋ ವಾದಕನಾದ. ತನ್ನ ಕೈ ತನ್ನದಲ್ಲವೆಂದು ಹೆದರಿ ಅದನ್ನು ದೂರ ಹಿಡಿದುಕೊಂಡು ನಡೆಯುವ ಆ ನಟನೆಯನ್ನು ಕಂಡವರು ಮರೆಯುವುದಿಲ್ಲ. 1926ರಲ್ಲಿ ಅಮೆರಿಕ ಕರೆಯಿತು. ಹಾಲಿವುಡ್ಡಿನಲ್ಲಿ 1928ರ 'ನಗುವ ಮನುಷ್ಯ' ಚಿತ್ರದಲ್ಲಿ, ಬಾಲ್ಯದಲ್ಲೇ ಬಾಯಿ ಕೊಯ್ದು ಸದಾ ನಗುವಂತೆ ಮಾಡಿದ ನತದೃಷ್ಟನ ಪಾತ್ರ ಮಾಡಿದ. ಬಾಯಿ ನಗುತ್ತದೆ, ಕಣ್ಣು ಅಳುತ್ತದೆ. ಅಮೆರಿಕದ ಮಕ್ಕಳ ಚಿತ್ರಕಥೆಗಳಲ್ಲಿ 1940ರಲ್ಲಿ ಹುಟ್ಟಿದ ಜೋಕರ್ ಎಂಬ ಖಳನಿಗೆ ಈ ಮುಖವೇ ಮಾದರಿಯಾಯಿತು.

ಟಾಕಿಗಳು ಬಂದವು. ಫೈಟನಿಗೆ ಇಂಗ್ಲಿಷ್ ಚೆನ್ನಾಗಿ ಬಾರದು. 1929ರಲ್ಲಿ ಜರ್ಮನಿಗೆ ಹಿಂತಿರುಗಿದ. ಅಲ್ಲಿ ಊಫಾ ಎಂಬ ದೊಡ್ಡ ಸಿನಿಮಾ ಕಂಪೆನಿ ಇತ್ತು. ಹಣ, ಮಾನ, ಮನೆ, ಜನ, ಭಾಷೆ ಎಲ್ಲ ಅಲ್ಲೇ. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದಾಗ ಆತ ಜರ್ಮನಿಯ ಬಹು ದೊಡ್ಡ ನಟರಲ್ಲಿ ಒಬ್ಬ. ವಯಸ್ಸು 40.

ಗೆಳೆಯರೇ, ಆ ವರ್ಷದ ಕೆಲವು ತಾರೀಖುಗಳನ್ನು ನಾವು ಇಲ್ಲಿ ಓದಿ ಹೇಳುತ್ತೇವೆ. ಗಮನವಿಟ್ಟು ಕೇಳಿ.

ಮಾರ್ಚ್ 29. ಊಫಾ ಕಂಪೆನಿಯ ಆಡಳಿತ ಮಂಡಳಿ ಸೇರಿ ಯೆಹೂದಿ ನೌಕರರನ್ನು ಕೆಲಸದಿಂದ ತೆಗೆಯುವ ತೀರ್ಮಾನ ಮಾಡಿತು. ಆ ಹೊತ್ತಿಗೆ ಹಾಗೆ ಮಾಡಬೇಕೆಂಬ ಕಾನೂನು ಕೂಡ ಹುಟ್ಟಿರಲಿಲ್ಲ. ಒಡೆಯನ ಇಂಗಿತ ತಿಳಿದು ತಾವೇ ಮುಂದಾಗಿ ಮಾಡಿದರು.

ಏಪ್ರಿಲ್ 1. ಪೇಟೆಯ ಬಂಧುಗಳು ಇದನ್ನು ಕೇಳಬೇಕು. ದೇಶದ ತುಂಬ ಯೆಹೂದಿಗಳ ಅಂಗಡಿಗಳ ಮುಂದೆ ನಾಜಿ ಸ್ವಯಂಸೇವಕರು ನಿಂತರು. ಬಾಗಿಲ ಗಾಜಿನ ಮೇಲೆ ಬಣ್ಣ ಬಳಿದರು. ಇಲ್ಲಿ ಕೊಳ್ಳಬೇಡಿರೆಂದು ಹಲಗೆ ಹಿಡಿದರು. ಬಟ್ಟೆ ಅಂಗಡಿ, ಜೋಡಿನ ಅಂಗಡಿ, ಔಷಧಿ ಅಂಗಡಿ, ಯಾವುದನ್ನೂ ಬಿಡಲಿಲ್ಲ. ಪಕ್ಕದ ಅಂಗಡಿಯವರಲ್ಲಿ ಕೆಲವರು ಮನಸ್ಸಿನಲ್ಲೇ ಸಂತೋಷಪಟ್ಟರು. ಗಿರಾಕಿ ತಮ್ಮ ಕಡೆಗೆ ಬಂದಾನೆಂಬ ಲೆಕ್ಕ.

ಮೇ 1. ಗಿರಣಿಯ ಗೆಳೆಯರು ಇದನ್ನು ಕೇಳಬೇಕು. ಹಿಟ್ಲರ್ ಮೇ ದಿನವನ್ನು ರಾಷ್ಟ್ರೀಯ ದುಡಿಮೆಯ ದಿನವೆಂದು ಸಾರಿ ಸಂಬಳ ಸಹಿತ ರಜ ಕೊಟ್ಟ. ಕಾರ್ಮಿಕ ಸಂಘಗಳ ಮುಖಂಡರೂ ಮೆರವಣಿಗೆಗೆ ಹೋಗಿರೆಂದು ಸದಸ್ಯರಿಗೆ ಹೇಳಿದರು. ಒಂದಷ್ಟು ಬಗ್ಗಿದರೆ ಸಂಘ ಉಳಿದೀತೆಂದು ಅವರ ಎಣಿಕೆ. ಮಾರನೆಯ ದಿನ, ಮೇ 2ರಂದು, ದೇಶದ ತುಂಬ ಸಂಘಗಳ ಕಚೇರಿಗಳಿಗೆ ನಾಜಿ ಪಡೆ ನುಗ್ಗಿತು. ಹಣ, ಕಾಗದ, ಕಟ್ಟಡ ಎಲ್ಲ ವಶ. ಮುಖಂಡರು ಸೆರೆ. ನಿನ್ನೆ ಜೊತೆಯಲ್ಲಿ ನಡೆದವರು ಇಂದು ಒದೆ ತಿಂದರು.

ಈ ವಸಂತದಲ್ಲೇ ಸಿನಿಮಾದವರ ಕೈಗೂ ಒಂದು ಕಾಗದ ಬಂತು. ಕುಲವನ್ನು ಕೇಳುವ ಕಾಗದ. ನೀನು ಆರ್ಯನೋ ಯೆಹೂದಿಯೋ, ಬರೆದು ಕೊಡು. ಬರೆಯುವುದರ ಮೇಲೆ ಕೆಲಸ ನಿಂತಿದೆ.

ಫೈಟ್ ಯೆಹೂದಿಯಲ್ಲ. ತಂದೆ ತಾಯಿ ಇಬ್ಬರೂ ಕ್ರೈಸ್ತರು. ಆರ್ಯ ಎಂದು ಬರೆದರೆ ಅದು ನಾಜಿಗಳ ಲೆಕ್ಕದಲ್ಲಿ ನೂರಕ್ಕೆ ನೂರು ನಿಜ. ಬರೆದು ಕೆಲಸಕ್ಕೆ ಹೋಗಬಹುದಾಗಿತ್ತು. ಆದರೆ ಆತ ಆ ಕಾಲಮ್ಮಿನಲ್ಲಿ ಯೆಹೂದಿ ಎಂದು ಬರೆದನೆಂದು ಅವನ ಜೀವನ ಚರಿತ್ರೆ ಹೇಳುವವರು ಹೇಳುತ್ತಾರೆ. ಆ ವರ್ಷವೇ ಆತ ಲಿಲಿ ಎಂಬ ಯೆಹೂದಿ ಹೆಂಗಸನ್ನು ಮದುವೆಯಾಗಿದ್ದ. ಹೆಂಡತಿಯ ಮೇಲಿನ ಪ್ರೀತಿಯಿಂದ ಬರೆದನೆಂದು ಕೆಲವರು ಹೇಳಿಯಾರು. ಇರಲಿ. ಹೆಂಡತಿಗೆ ಸಲ್ಲದ ಕೆಲಸ ತನಗೂ ಬೇಡ ಎಂಬುದು ಸಣ್ಣ ಮಾತಲ್ಲ.

ನಾವು ಶಾಲೆಯಲ್ಲಿದ್ದಾಗ ದಾಖಲೆ ಪುಸ್ತಕದ ಕಾಲಮ್ಮುಗಳನ್ನು ಎಷ್ಟೋ ತುಂಬಿದ್ದೇವೆ. ಹೆಸರು, ತಂದೆಯ ಹೆಸರು, ಜಾತಿ, ಕಸುಬು. ಆಗ ಅದು ಬರಿಯ ಶಾಯಿಯ ಕೆಲಸವಾಗಿ ಕಂಡಿತ್ತು. ಕಾಲಮ್ಮು ಸುಮ್ಮನೆ ಇರುತ್ತದೆ. ಅದನ್ನು ಯಾರು, ಯಾವ ಉದ್ದೇಶಕ್ಕೆ ಕೇಳುತ್ತಾರೆಂಬುದರ ಮೇಲೆ ಅದರ ಗುಣ. ಅನ್ನ ಹಂಚಲು ಕೇಳುವುದು ಬೇರೆ, ಅನ್ನ ಕಿತ್ತುಕೊಳ್ಳಲು ಕೇಳುವುದು ಬೇರೆ. ಜರ್ಮನಿಯಲ್ಲಿ ಲಕ್ಷಾಂತರ ಜನ ಒಳ್ಳೆಯವರು ಆ ಕಾಲಮ್ಮಿನಲ್ಲಿ ಸತ್ಯವನ್ನೇ ಬರೆದರು. ಬರೆದು ಪಕ್ಕದ ಮೇಜಿನವನು ಕೆಲಸ ಕಳೆದುಕೊಂಡದ್ದನ್ನು ನೋಡಿ ತಲೆ ತಗ್ಗಿಸಿದರು. ಹನ್ನೆರಡು ವರ್ಷದ ಹತ್ಯೆ ಅಲ್ಲಿಂದ ಮೊದಲಾಯಿತು.

ಫೈಟ್ ಹೆಂಡತಿಯನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟುಹೋದ. ಅಲ್ಲಿ ಕೆಲಸ ಸಿಕ್ಕಿತು. ಅದೇ ಸಮಯಕ್ಕೆ, ಮೊದಲೇ ಒಪ್ಪಿಕೊಂಡಿದ್ದ 'ವಿಲ್ಹೆಲ್ಮ್ ಟೆಲ್' ಚಿತ್ರಕ್ಕಾಗಿ ಒಮ್ಮೆ ಜರ್ಮನಿಗೆ ಹೋಗಬೇಕಾಯಿತು. ಆತ ಲಂಡನ್ನಿನಲ್ಲಿ 'ಯೆಹೂದಿ ಝೂಸ್' ಎಂಬ ಚಿತ್ರ ಮಾಡಲಿದ್ದಾನೆಂಬುದು ನಾಜಿಗಳ ಕಿವಿಗೆ ಬಿದ್ದಿತ್ತು. ಅವನನ್ನು ಬಿಡಲಿಲ್ಲ. ಕಾಯಿಲೆಯಾಗಿದೆ, ಪ್ರಯಾಣ ಮಾಡಲಾರ ಎಂದು ಲಂಡನ್ನಿಗೆ ತಿಳಿಸಿದರು. ಇಂಗ್ಲಿಷ್ ಕಂಪೆನಿಯ ಮೈಕೇಲ್ ಬಾಲ್ಕನ್ ತನ್ನ ಕಡೆಯ ಒಬ್ಬ ವೈದ್ಯನನ್ನೇ ಕಳಿಸಿದ. ವೈದ್ಯ ನೋಡಿ, ಮನುಷ್ಯ ಚೆನ್ನಾಗಿದ್ದಾನೆಂದು ಬರೆದುಕೊಟ್ಟ. ಆಮೇಲೆ ಬಿಡದೆ ವಿಧಿಯಿರಲಿಲ್ಲ.

ಝೂಸ್ ಓಪನ್‌ಹೈಮರ್ ಎಂಬಾತ ಇತಿಹಾಸದಲ್ಲಿ ಇದ್ದ ವ್ಯಕ್ತಿ. ವುರ್ಟೆಂಬರ್ಗಿನ ಡ್ಯೂಕನಿಗೆ ಹಣಕಾಸಿನ ಸಲಹೆಗಾರನಾಗಿದ್ದ ಯೆಹೂದಿ. ಡ್ಯೂಕ್ ಸತ್ತ ಮೇಲೆ ಎಲ್ಲ ಅಪರಾಧವನ್ನೂ ಅವನ ತಲೆಗೆ ಕಟ್ಟಿ 1738ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟಿನಲ್ಲಿ ಗಲ್ಲಿಗೆ ಹಾಕಿದರು. ಈ ಕಥೆಯನ್ನು ಲಿಯೋನ್ ಫಾಯ್ಕ್ಟ್‌ವಾಂಗರ್ ಕಾದಂಬರಿಯಾಗಿ ಬರೆದಿದ್ದ. ಹಿಟ್ಲರ್ ಬಂದ ಮೇಲೆ ಅವನೂ ದೇಶಭ್ರಷ್ಟನಾದ. ಆ ಕಾದಂಬರಿಯಿಂದ ತೆಗೆದ ಇಂಗ್ಲಿಷ್ ಚಿತ್ರ 1934ರಲ್ಲಿ ಹೊರಬಂತು. ಯೆಹೂದಿಗಳಿಗೆ ಆಗುವ ಅನ್ಯಾಯವನ್ನು ತೋರಿಸುವ ಚಿತ್ರ. ಝೂಸ್ ಪಾತ್ರ ಫೈಟನದು. ಆ ದಿನದಿಂದ ಜರ್ಮನಿಯ ಬಾಗಿಲು ಅವನಿಗೆ ಮುಚ್ಚಿತು.

ಈಗ ಕಾಲಿಗಾರಿಯ ಪಾತ್ರ ಮಾಡಿದ ವರ್ನರ್ ಕ್ರೌಸನನ್ನು ನೆನಪಿಸಿಕೊಳ್ಳಿ. ಆತ ಜರ್ಮನಿಯಲ್ಲೇ ಉಳಿದ. ನಾಜಿಗಳು ಅವನಿಗೆ ಮಾನ ಪದವಿ ಕೊಟ್ಟರು. 1940ರಲ್ಲಿ ಅವರೂ ಅದೇ ಝೂಸನ ಹೆಸರಿನಲ್ಲಿ ಒಂದು ಚಿತ್ರ ತೆಗೆಸಿದರು. ನಿರ್ದೇಶಕ ಫೈಟ್ ಹಾರ್ಲಾನ್. ಹೆಸರಿನಲ್ಲಿ ಫೈಟ್ ಇದ್ದರೂ ನಮ್ಮವನಿಗೆ ಸಂಬಂಧವಿಲ್ಲ. ಯೆಹೂದಿ ಎಂದರೆ ಮೋಸಗಾರ, ಹೆಣ್ಣು ಕೆಡಿಸುವವನು, ಅವನನ್ನು ಊರಿನಿಂದ ಓಡಿಸಬೇಕು, ಇದು ಆ ಚಿತ್ರದ ಪಾಠ. ಕ್ರೌಸ್ ಅದರಲ್ಲಿ ಒಂದಲ್ಲ, ಹಲವು ಯೆಹೂದಿ ಪಾತ್ರಗಳನ್ನು ಒಬ್ಬನೇ ಮಾಡಿದ. ಎಲ್ಲವೂ ಹೇಸಿಗೆ ಹುಟ್ಟಿಸುವಂಥವು. ನಟನೆ ಬಹಳ ಚೆನ್ನಾಗಿತ್ತು, ಅದೇ ದುರಂತ. ಹಿಮ್ಲರ್ ಎಂಬ ನಾಜಿ ಪೊಲೀಸ್ ಮುಖ್ಯಸ್ಥ ತನ್ನ ಪಡೆಯವರೆಲ್ಲ ಈ ಚಿತ್ರವನ್ನು ನೋಡಲೇಬೇಕೆಂದು ಅಪ್ಪಣೆ ಮಾಡಿದ. ನೋಡಿದವರು ಮುಂದೆ ಏನು ಮಾಡಿದರೆಂಬುದನ್ನು ಇತಿಹಾಸ ಬರೆದಿದೆ. 60 ಲಕ್ಷ ಯೆಹೂದಿಗಳ ಕೊಲೆ.

ಒಂದೇ ಚಿತ್ರದಲ್ಲಿ ಎದುರು ಬದುರು ನಿಂತ ಇಬ್ಬರು ನಟರು. ಇಬ್ಬರೂ ಒಂದೇ ರಂಗಶಾಲೆಯಲ್ಲಿ ಬೆಳೆದವರು. ಒಂದೇ ಮನುಷ್ಯನ ಕಥೆಯನ್ನು ಒಬ್ಬ 1934ರಲ್ಲಿ ಒಂದು ರೀತಿ, ಇನ್ನೊಬ್ಬ 1940ರಲ್ಲಿ ಇನ್ನೊಂದು ರೀತಿ ಹೇಳಲು ಮೈ ಕೊಟ್ಟರು. ಕ್ರೌಸನಿಗೆ ಯುದ್ಧ ಮುಗಿದ ಮೇಲೆ ಕೆಲವು ಕಾಲ ರಂಗಕ್ಕೆ ಬಹಿಷ್ಕಾರವಾಯಿತು. ಆಮೇಲೆ 1954ರಲ್ಲಿ ಜರ್ಮನ್ ನಟರಿಗೆ ಸಲ್ಲುವ ಅತಿ ದೊಡ್ಡ ಗೌರವವಾದ ಇಫ್ಲಾಂಡ್ ಉಂಗುರವೂ ಬಂತು. ಲೋಕ ಬೇಗ ಮರೆಯುತ್ತದೆ.

ಇಲ್ಲಿ ನಾವು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಫೈಟನಿಗೆ ಹೆಸರಿತ್ತು, ಹಣವಿತ್ತು, ಇಂಗ್ಲೆಂಡಿನಲ್ಲಿ ಕರೆಯುವವರಿದ್ದರು, ಆತ ಹೊರಟ. ಊಫಾ ಸ್ಟುಡಿಯೋದಲ್ಲಿ ಮೊಳೆ ಹೊಡೆಯುವ ಬಡಗಿ ಎಲ್ಲಿಗೆ ಹೋಗಬೇಕು? ಸರಿಯಾದ ಮಾತು. ಎಲ್ಲರಿಗೂ ಹೊರಡುವ ದಾರಿ ಇರುವುದಿಲ್ಲ. ಉಳಿದ ನಟರ ಗತಿಯನ್ನೂ ನೋಡಿ. ಹಾನ್ಸ್ ಓಟೊ ಎಂಬ ನಟ ಕಮ್ಯುನಿಸ್ಟ್ ಪಕ್ಷದವನು, ನಟರ ಸಂಘದ ಕೆಲಸ ಮಾಡಿದವನು. ಓಡಿಹೋಗದೆ ಬರ್ಲಿನ್ನಿನಲ್ಲೇ ಗುಟ್ಟಾಗಿ ದುಡಿದ. 1933ರ ನವೆಂಬರಿನಲ್ಲಿ ಹಿಡಿದು ಚಿತ್ರಹಿಂಸೆ ಮಾಡಿ ಕೊಂದರು. ವಯಸ್ಸು 33. ಯೋವಾಖಿಮ್ ಗೋಟ್‌ಷಾಲ್ಕ್ ಎಂಬ ಜನಪ್ರಿಯ ನಾಯಕನಟನ ಹೆಂಡತಿ ಯೆಹೂದಿ. ಅವಳನ್ನು ಬಿಡೆಂದು ಅಧಿಕಾರದವರು ಒತ್ತಾಯ ಮಾಡಿದರು. ಬಿಡಲಿಲ್ಲ. 1941ರ ನವೆಂಬರಿನಲ್ಲಿ ಗಂಡ, ಹೆಂಡತಿ, 8 ವರ್ಷದ ಮಗ ಮೂವರೂ ಒಟ್ಟಿಗೆ ಪ್ರಾಣ ಬಿಟ್ಟರು. ಕುರ್ಟ್ ಗೆರೋನ್ ಎಂಬ ದಪ್ಪ ಮೈಯ ಹಾಸ್ಯನಟ ಯೆಹೂದಿ. ಹಾಲೆಂಡಿನಲ್ಲಿ ಸಿಕ್ಕಿಬಿದ್ದ. ಸೆರೆಶಿಬಿರದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ತೋರಿಸುವ ಸುಳ್ಳು ಚಿತ್ರವನ್ನು ಅವನ ಕೈಯಿಂದಲೇ ತೆಗೆಸಿ, 1944ರಲ್ಲಿ ಆಶ್ವಿಟ್ಸಿಗೆ ಕಳಿಸಿ ಕೊಂದರು.

ಇವರ ಮುಂದೆ ಫೈಟನ ತ್ಯಾಗ ಚಿಕ್ಕದು. ಅದನ್ನು ನಾವು ಮುಚ್ಚಿಡುವುದಿಲ್ಲ. ಆತ ಯಾವ ಪಕ್ಷದವನೂ ಅಲ್ಲ, ಕ್ರಾಂತಿಕಾರಿಯೂ ಅಲ್ಲ. ಆದರೆ ಎಷ್ಟು ಮಾಡಬಲ್ಲನೋ ಅಷ್ಟನ್ನು ಮಾಡಿದ. ಮಾಡಲಾರೆನೆಂದು ಸುಳ್ಳು ಹೇಳಲಿಲ್ಲ. ಅವನಷ್ಟೇ ಹೆಸರು, ಅವನಿಗಿಂತ ಹೆಚ್ಚು ಹಣ ಇದ್ದ ಎಮಿಲ್ ಯಾನಿಂಗ್ಸ್ ಎಂಬ ನಟನನ್ನು ನೋಡಿ. 1929ರಲ್ಲಿ ಅಮೆರಿಕದ ಅಕಾಡೆಮಿ ಬಹುಮಾನ ಮೊದಲು ಪಡೆದ ನಟ ಆತನೇ. ಜಗತ್ತಿನಲ್ಲಿ ಎಲ್ಲಿ ಹೋದರೂ ಊಟವಿತ್ತು. ಉಳಿದು ನಾಜಿಗಳ ಪ್ರಚಾರ ಚಿತ್ರಗಳಲ್ಲಿ ನಾಯಕನಾದ. ಹೋಗಲಾರದವನು ಬೇರೆ, ಹೋಗಬಲ್ಲವನಾಗಿಯೂ ಊಳಿಗಕ್ಕೆ ನಿಂತವನು ಬೇರೆ.

ಇಂಗ್ಲೆಂಡಿನಲ್ಲಿ ಫೈಟ್ ಕಷ್ಟಪಟ್ಟು ಇಂಗ್ಲಿಷ್ ಕಲಿತ. 1939ರಲ್ಲಿ ಬ್ರಿಟಿಷ್ ಪ್ರಜೆಯಾದ. ಅದೇ ವರ್ಷ ಯುದ್ಧ ಬಂದಾಗ ತನ್ನ ಉಳಿತಾಯವನ್ನು ಬ್ರಿಟಿಷ್ ಸರ್ಕಾರಕ್ಕೆ ಸಾಲವಾಗಿ ಕೊಟ್ಟ. ಮುಂದೆ ಸಂಬಳದ ದೊಡ್ಡ ಭಾಗವನ್ನೂ ಯುದ್ಧದ ಪರಿಹಾರ ನಿಧಿಗೆ ಕೊಟ್ಟ.

1940ರ 'ಬಾಗ್ದಾದಿನ ಕಳ್ಳ' ಎಂಬ ವರ್ಣಚಿತ್ರದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದರ ದುಷ್ಟ ಮಂತ್ರಿ ಜಾಫರ್ ಫೈಟನೇ. ಕಳ್ಳ ಹುಡುಗ ಅಬು ಯಾರು ಬಲ್ಲಿರಾ? ನಮ್ಮ ಸಾಬು. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದ ಮಾವುತನ ಮಗ. ಆನೆ ಲಾಯದಲ್ಲಿ ಬೆಳೆದ ಹುಡುಗನನ್ನು ರಾಬರ್ಟ್ ಫ್ಲಾಹರ್ಟಿ ಎಂಬಾತ ಕಂಡು 1937ರ 'ಆನೆಯ ಹುಡುಗ' ಚಿತ್ರಕ್ಕೆ ತೆಗೆದುಕೊಂಡ. ಬರ್ಲಿನ್ನಿನ ಗುಮಾಸ್ತೆಯ ಮಗನೂ ಕಾರಾಪುರದ ಮಾವುತನ ಮಗನೂ ಒಂದೇ ತೆರೆಯ ಮೇಲೆ ನಿಂತರು. ಸಾಬು ಆಮೇಲೆ ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದ, ಪದಕವನ್ನೂ ಪಡೆದ.

1940ರಲ್ಲಿ ಫೈಟ್ ಹಾಲಿವುಡ್ಡಿಗೆ ಹೋದ. ಅಲ್ಲಿ ಒಂದು ವಿಚಿತ್ರವಾಯಿತು. ನಾಜಿಗಳಿಂದ ಓಡಿಬಂದವನಿಗೆ ನಾಜಿಯ ಪಾತ್ರಗಳೇ ಬಂದವು. ಜರ್ಮನ್ ಉಚ್ಚಾರಣೆ, ಎತ್ತರದ ನಿಲುವು. ಇನ್ನೇನು ಪಾತ್ರ ಕೊಟ್ಟಾರು? ಆತ ಒಪ್ಪಿಕೊಂಡ. ಆದರೆ ಆ ಪಾತ್ರ ಖಳನದೇ ಆಗಿರಬೇಕೆಂಬುದು ಅವನ ಷರತ್ತಾಗಿತ್ತಂತೆ. 1942ರ 'ಕಾಸಾಬ್ಲಾಂಕಾ' ಚಿತ್ರದ ಮೇಜರ್ ಸ್ಟ್ರಾಸರ್ ಅವನ ಹೆಸರು ಉಳಿಸಿದ ಪಾತ್ರ. ಅದಕ್ಕೆ ಸಂಬಳ ವಾರಕ್ಕೆ 5,000 ಡಾಲರು. ಆ ಚಿತ್ರದಲ್ಲಿ, ನಾಜಿ ಅಧಿಕಾರಿಗಳು ಹೋಟೆಲಿನಲ್ಲಿ ತಮ್ಮ ಹಾಡು ಹಾಡುತ್ತಿರುವಾಗ, ಉಳಿದವರೆಲ್ಲ ಎದ್ದು ಫ್ರೆಂಚರ ರಾಷ್ಟ್ರಗೀತೆ ಹಾಡಿ ಆ ಹಾಡನ್ನು ಮುಳುಗಿಸುವ ದೃಶ್ಯವಿದೆ. ಎದ್ದು ಹಾಡುವವರಲ್ಲಿ ಯೂರೋಪಿನಿಂದ ತಪ್ಪಿಸಿಕೊಂಡು ಬಂದ ನಿಜವಾದ ನಿರಾಶ್ರಿತರು ಹಲವರಿದ್ದರು. ಅವರ ಕಣ್ಣೀರಿಗೆ ಗ್ಲಿಸರಿನ್ ಬೇಕಾಗಲಿಲ್ಲ. ಎದುರಿಗೆ ಕೋಪದಿಂದ ಕೆಂಪಾಗಿ ನಿಂತ ನಾಜಿ ಮೇಜರನೂ ಅವರಂತೆಯೇ ನಿರಾಶ್ರಿತ.

1943ರ ಏಪ್ರಿಲ್ 3ರಂದು ಲಾಸ್ ಏಂಜಲಿಸ್ ನಗರದಲ್ಲಿ ಗಾಲ್ಫ್ ಆಡುತ್ತಿರುವಾಗ ಹೃದಯ ನಿಂತು ಸತ್ತ. ವಯಸ್ಸು 50. ಹಿಟ್ಲರನ ಪತನವನ್ನು ಕಾಣಲಿಲ್ಲ. ಅವನ ಚಿತಾಭಸ್ಮ 1998ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬಲ್ಲಿಗೆ ಬಂದು ಸೇರಿತು. ಹುಟ್ಟಿದ ಬರ್ಲಿನ್ನಿಗೆ ಹೋಗಲಿಲ್ಲ.

ಈಗ ನೇಯ್ಗೆ ಖಾತೆಯ ನಮ್ಮ ತರುಣನ ಪ್ರಶ್ನೆಗೆ ಬರುತ್ತೇವೆ. ಅವನು ಅಲ್ಲಿ ಕಂಬದ ಹತ್ತಿರ ನಿಂತಿದ್ದಾನೆ.

ತಮ್ಮಾ, ಹೇಳಿದವನ ಪಾಪ ಮಾಡಿದವನಿಗೆ ಏಕೆ ಅಂಟಬೇಕು ಎಂದು ನೀನು ಕೇಳಿದೆ. ನಿದ್ದೆಯಲ್ಲಿ ಮಾಡಿದವನಿಗೆ ಅಂಟದಿರಬಹುದು. ಸೆಸಾರೆಗೆ ಅಂಟುವುದಿಲ್ಲ, ಅವನನ್ನು ಕಂಡು ನಾವು ಮರುಕಪಡುತ್ತೇವೆ. ಆದರೆ ನೀನು ಈ ಪ್ರಶ್ನೆ ಕೇಳಿದೆಯಲ್ಲ, ಅದರಿಂದಲೇ ನೀನು ನಿದ್ದೆಯಲ್ಲಿಲ್ಲವೆಂದು ಗೊತ್ತಾಗುತ್ತದೆ. ಎಚ್ಚರವಾದ ಮೇಲೆ ನಿದ್ದೆಯ ನೆಪ ಹೇಳುವ ಹಾಗಿಲ್ಲ. ಹೇಳಿದವನ ಪಾಲು ಕಡಿಮೆಯಾಗುವುದಿಲ್ಲ, ಮಾಡಿದವನ ಪಾಲೂ ಇರುತ್ತದೆ.

ಹೊಟ್ಟೆಪಾಡು ಸುಳ್ಳೆಂದು ನಾವು ಹೇಳುವುದಿಲ್ಲ. ನಾವು ಚಾಕರಿ ಬಿಟ್ಟಾಗ ಮನೆಯಲ್ಲಿ ಎರಡು ತಿಂಗಳು ಹೇಗೆ ನಡೆಯಿತೆಂಬುದು ಮನೆಯವಳಿಗೇ ಗೊತ್ತು. ಆದ್ದರಿಂದ ನಾಳೆಯೇ ಮಗ್ಗ ನಿಲ್ಲಿಸಿ ಬಾ ಎಂದು ನಿನಗೆ ಹೇಳುವ ಅಧಿಕಾರ ನಮಗಿಲ್ಲ. ಇಷ್ಟು ಮಾತ್ರ ಹೇಳುತ್ತೇವೆ. ಯಾವಾಗಲೋ ಒಮ್ಮೆ ನಿನ್ನ ಮುಂದೆ ಒಂದು ಕಾಗದ ಬರುತ್ತದೆ. ಜೊತೆಗಾರನ ಮೇಲೆ ಸಾಕ್ಷಿ ಹೇಳುವ ಕಾಗದವಿರಬಹುದು. ನಾನು ಅವರ ಪೈಕಿ ಅಲ್ಲ ಎಂದು ರುಜು ಹಾಕುವ ಕಾಗದವಿರಬಹುದು. ಆ ಹೊತ್ತು ಹತ್ತು ನಿಮಿಷ ತಡಮಾಡು. ಒಬ್ಬನೇ ಕುಳಿತು ತುಂಬಬೇಡ. ಕಾಗದ ತೆಗೆದುಕೊಂಡು ಇಲ್ಲಿಗೆ ಬಾ. ಫೈಟ್ ಒಬ್ಬನೇ ಬರೆದ, ಒಬ್ಬನೇ ಹೊರಟ. ಹತ್ತು ಸಾವಿರ ಜನ ಅದೇ ಮಾತು ಬರೆದಿದ್ದರೆ ಆ ಕಾಗದವನ್ನು ಓದಿ ವಿಂಗಡಿಸುವುದೇ ಸಾಧ್ಯವಾಗುತ್ತಿರಲಿಲ್ಲ. ಬಡಗಿಗೆ ಲಂಡನ್ನಿಗೆ ಹೋಗುವ ದಾರಿ ಇರಲಿಲ್ಲ, ನಿಜ. ಅವನಿಗಿದ್ದ ದಾರಿ ಪಕ್ಕದ ಬಡಗಿ. ಆ ದಾರಿಯನ್ನೇ ಮೇ 2ರಂದು ಮುಚ್ಚಿದರು. ಮೊದಲು ಅದನ್ನೇ ಏಕೆ ಮುಚ್ಚಿದರೆಂಬುದನ್ನು ನೀವೆಲ್ಲ ಯೋಚಿಸಬೇಕು.

ಪೇಟೆಯ ಬಂಧುಗಳಿಗೂ ಇದೇ ಮಾತು. ಪಕ್ಕದ ಅಂಗಡಿಯ ಬಾಗಿಲಿಗೆ ಯಾರಾದರೂ ಬಣ್ಣ ಬಳಿಯಲು ಬಂದರೆ, ಆ ಹೊತ್ತಿನ ಗಿರಾಕಿಯ ಲೆಕ್ಕ ಹಾಕಬೇಡಿ.

ಹೊತ್ತಾಯಿತು. ರಾತ್ರಿ ಪಾಳಿಯವರು ಹೊರಡಬೇಕು. ಕೇಳುವುದೇನಾದರೂ ಇದ್ದರೆ ಕೇಳಿ. ಹೋದ ತಿಂಗಳಂತೆ ಜಾರಿಕೊಳ್ಳುವುದಿಲ್ಲ.